ಒಂದೇ ಹಾಡಿನ ಹತ್ತು ರೆಕಾರ್ಡಿಂಗ್ ಯಾಕೆ? ಸ್ಪ್ರಿಂಗ್‌ಸ್ಟೀನ್ ಲೈವ್ ಟೇಪುಗಳನ್ನು ಕೇಳುವ ಬಗೆ

ಪ್ರಶ್ನೆ: ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಸ್ಟುಡಿಯೋ ಆಲ್ಬಂಗಳು ನನಗೆ ಇಷ್ಟ. ಆದರೆ ಅವರ ಅಭಿಮಾನಿಗಳು ಆಲ್ಬಂಗಳಿಗಿಂತ ಲೈವ್ ರೆಕಾರ್ಡಿಂಗ್‌ಗಳ ಬಗ್ಗೆಯೇ ಹೆಚ್ಚು ಮಾತಾಡುತ್ತಾರೆ. ಒಂದೇ ಟೂರಿನ ಹತ್ತಿಪ್ಪತ್ತು ಶೋ ಕೂಡಿಟ್ಟುಕೊಂಡವರಿದ್ದಾರೆ. ನಾನೂ 1978ರದ್ದೊಂದು ಕೇಳಿದೆ. ಸದ್ದು ಒರಟು, ಹಾಡುಗಳು ಉದ್ದ, ನಡುನಡುವೆ ಮಾತು. ಇದರಲ್ಲಿ ಅಂಥದ್ದೇನಿದೆ? ಎಲ್ಲಿಂದ ಶುರು ಮಾಡಬೇಕು? ಸೌಂಡ್‌ಬೋರ್ಡ್, ಆಡಿಯನ್ಸ್, ಮ್ಯಾಟ್ರಿಕ್ಸ್ ಎಂದು ಬರೆದಿರುತ್ತಾರಲ್ಲ, ಅದೇನು?

ಉತ್ತರ: ಒಂದೇ ಒಂದು ರೆಕಾರ್ಡಿಂಗ್ ಕೇಳಿ ಏನೂ ಹತ್ತಲಿಲ್ಲ ಎಂದರೆ ಅದು ನಿಮ್ಮ ಕಿವಿಯ ದೋಷವಲ್ಲ. ಲೈವ್ ರೆಕಾರ್ಡಿಂಗಿನ ರುಚಿ ಶುರುವಾಗುವುದು ಎರಡನೆಯದರಿಂದ. ಮೊದಲನೆಯದನ್ನು ನೀವು ಸ್ಟುಡಿಯೋ ಆಲ್ಬಂ ಜೊತೆ ಹೋಲಿಸುತ್ತೀರಿ. ಆ ಹೋಲಿಕೆಯಲ್ಲಿ ಲೈವ್ ಸೋಲುವುದೇ ಹೆಚ್ಚು, ಯಾಕೆಂದರೆ ಸದ್ದಿನ ಸ್ಪಷ್ಟತೆಯಲ್ಲಿ ಸ್ಟುಡಿಯೋಗೆ ಸಾಟಿಯಿಲ್ಲ. ಅದೇ ಹಾಡಿನ ಇನ್ನೊಂದು ರಾತ್ರಿಯ ಟೇಪು ಕೇಳಿದಾಗ ಮಾತ್ರ ‘ಓ, ಇದನ್ನು ಹೀಗೂ ಮಾಡಬಹುದಿತ್ತು, ಇವತ್ತು ಬೇಕೆಂದೇ ಹಾಗೆ ಮಾಡಿದ್ದಾರೆ’ ಎಂಬುದು ಹೊಳೆಯುತ್ತದೆ. ಸ್ಪ್ರಿಂಗ್‌ಸ್ಟೀನ್ ವಿಷಯದಲ್ಲಿ ಈ ಮಾತು ಬೇರೆ ಬಹಳ ಮಂದಿಗಿಂತ ಹೆಚ್ಚು ನಿಜ. ಆಲ್ಬಂ ಬಿಡುಗಡೆಯಾದ ಮೇಲೂ ಅವರ ಹಾಡಿನ ಕೆಲಸ ಮುಗಿಯುವುದಿಲ್ಲ, ವೇದಿಕೆಯ ಮೇಲೆ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ.

‘ಪ್ರೂವ್ ಇಟ್ ಆಲ್ ನೈಟ್’ ತೆಗೆದುಕೊಳ್ಳಿ. 1978ರ ಜೂನ್‌ನಲ್ಲಿ ಬಂದ ‘ಡಾರ್ಕ್‌ನೆಸ್ ಆನ್ ದಿ ಎಡ್ಜ್ ಆಫ್ ಟೌನ್’ ಆಲ್ಬಂನಲ್ಲಿ ಅದು ಸುಮಾರು ನಾಲ್ಕು ನಿಮಿಷದ, ಅಚ್ಚುಕಟ್ಟಾದ, ರೇಡಿಯೊಗೆ ಹೇಳಿ ಮಾಡಿಸಿದ ಹಾಡು. ಅದೇ ವರ್ಷದ ಟೂರಿನಲ್ಲಿ ಅದು ಹತ್ತು ನಿಮಿಷ ದಾಟುತ್ತಿತ್ತು. ಅವರ ಬ್ಯಾಂಡಿನ ರಾಯ್ ಬಿಟ್ಟನ್ ಪಿಯಾನೋದಲ್ಲಿ ಕೆಲವೇ ಸ್ವರಗಳನ್ನು ಸುತ್ತಿ ಸುತ್ತಿ ನುಡಿಸುತ್ತಾರೆ. ಅದರ ಮೇಲೆ ಸ್ಪ್ರಿಂಗ್‌ಸ್ಟೀನ್ ಗಿಟಾರ್ ಮೊದಲು ಮೆಲ್ಲಗೆ, ಒಂದೊಂದೇ ಸ್ವರ ಎಳೆಯುತ್ತ ಬರುತ್ತದೆ, ಬರಬರುತ್ತ ಕಿರುಚಾಟಕ್ಕೆ ಏರುತ್ತದೆ. ಮ್ಯಾಕ್ಸ್ ವೈನ್‌ಬರ್ಗ್ ಅವರ ಡ್ರಮ್ಸ್ ಕಾಯುತ್ತ ಕಾಯುತ್ತ ಕೊನೆಗೆ ಧುಮುಕುತ್ತದೆ. ಆಮೇಲಷ್ಟೇ ನಿಮಗೆ ಗೊತ್ತಿರುವ ಹಾಡು ಶುರು. ಬೇರೆ ಬೇರೆ ರಾತ್ರಿಗಳ ಎರಡು ಟೇಪು ಎದುರುಬದುರಿಟ್ಟು ಮೂರು ವಿಷಯ ಗಮನಿಸಿ: ಡ್ರಮ್ಸ್ ಎಷ್ಟನೇ ನಿಮಿಷದಲ್ಲಿ ಒಳಗೆ ಬರುತ್ತದೆ, ಗಿಟಾರ್ ಎಷ್ಟು ಹೊತ್ತು ಒಂದೇ ಸ್ವರದ ಮೇಲೆ ನಿಂತಿರುತ್ತದೆ, ಹಾಡಿನ ಪರಿಚಿತ ಭಾಗಕ್ಕೆ ತಿರುಗುವ ಕ್ಷಣದಲ್ಲಿ ಬ್ಯಾಂಡು ಹೇಗೆ ಒಟ್ಟಿಗೆ ಸೇರುತ್ತದೆ. ಹತ್ತಿಪ್ಪತ್ತು ಶೋ ಕೂಡಿಡುವವರು ಹುಡುಕುವುದು ಇಂಥವನ್ನೇ.

ಇಷ್ಟು ಹೆಸರಾದ ಆ ರೂಪ 1986ರ ನವೆಂಬರ್‌ನಲ್ಲಿ ಬಂದ ‘ಲೈವ್/1975–85’ ಎಂಬ ಐದು ಎಲ್‌ಪಿಗಳ, 40 ಹಾಡುಗಳ ಅಧಿಕೃತ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಅಭಿಮಾನಿಗಳು ಬಹುಕಾಲ ಗೊಣಗಿದ ಸಂಗತಿಯಿದು. 2012ರ ಟೂರಿನಲ್ಲಿ ಆ ಹಳೆಯ ಪೀಠಿಕೆಯನ್ನು ಮತ್ತೆ ನುಡಿಸಿದಾಗ ಅದೇ ಒಂದು ಸುದ್ದಿಯಾಯಿತು.

‘ಥಂಡರ್ ರೋಡ್’ನದು ಇನ್ನೂ ಸ್ವಾರಸ್ಯದ ಕಥೆ. ‘ಬಾರ್ನ್ ಟು ರನ್’ ಆಲ್ಬಂ ಬಂದದ್ದು 1975ರ ಆಗಸ್ಟ್ 25ರಂದು. ಅದಕ್ಕೂ ಆರು ತಿಂಗಳ ಹಿಂದೆ, ಫೆಬ್ರವರಿ 5ರಂದು, ಪೆನ್ಸಿಲ್ವೇನಿಯಾದ ಬ್ರಿನ್ ಮಾರ್‌ನ ‘ಮೇನ್ ಪಾಯಿಂಟ್’ ಎಂಬ ಸಣ್ಣ ಜಾಗದಲ್ಲಿ ನಡೆದ ಶೋ ರೇಡಿಯೊದಲ್ಲಿ ಪ್ರಸಾರವಾಯಿತು. ಅಲ್ಲಿ ಇದೇ ಹಾಡು ‘ವಿಂಗ್ಸ್ ಫಾರ್ ವೀಲ್ಸ್’ ಎಂಬ ಹೆಸರಿನಲ್ಲಿದೆ. ಸಾಹಿತ್ಯ ಇನ್ನೂ ಹದಕ್ಕೆ ಬಂದಿಲ್ಲ, ಹುಡುಗಿಯ ಹೆಸರು ಮೇರಿ ಅಲ್ಲ, ಏಂಜಲೀನಾ. ಅಕ್ಟೋಬರ್ 18ರಂದು ಲಾಸ್ ಏಂಜಲೀಸ್‌ನ ರಾಕ್ಸಿ ಥಿಯೇಟರಿನಲ್ಲಿ ಹಾಡಿದಾಗ ಡ್ರಮ್ಸ್, ಗಿಟಾರ್ ಯಾವುದೂ ಇಲ್ಲ. ಮುಖ್ಯವಾಗಿ ಪಿಯಾನೋ ಮತ್ತು ಕಂಠ. ಮೇಲೆ ಹೇಳಿದ ಪೆಟ್ಟಿಗೆ ತೆರೆಯುವುದೇ ಈ ರೂಪದಿಂದ. 1978ರ ಹೊತ್ತಿಗೆ ಪೂರ್ತಿ ಬ್ಯಾಂಡು ಸೇರಿಕೊಂಡಿದೆ. ಈ ಮೂರನ್ನೂ ಬೆನ್ನುಬೆನ್ನಿಗೆ ಕೇಳಿದರೆ, ಆಲ್ಬಂನಲ್ಲಿ ಕಲ್ಲಿನಲ್ಲಿ ಕೊರೆದಂತೆ ಅನಿಸುವ ಸಾಲುಗಳು ಒಂದು ಕಾಲಕ್ಕೆ ಎಷ್ಟು ಅಲುಗಾಡುತ್ತಿದ್ದವು ಎಂದು ತಿಳಿಯುತ್ತದೆ. ‘ಬಾರ್ನ್ ಇನ್ ದಿ ಯು.ಎಸ್.ಎ.’ ಕೂಡ ಹಾಗೆಯೇ: 1984–85ರಲ್ಲಿ ಸಿಂಥಸೈಜರ್, ಡ್ರಮ್ಸ್‌ಗಳ ಅಬ್ಬರ; 1995ರಲ್ಲಿ ಶುರುವಾದ ಒಂಟಿ ಟೂರಿನಲ್ಲಿ ಅಕೌಸ್ಟಿಕ್ ಗಿಟಾರಿನ ತಂತಿಗಳ ಮೇಲೆ ಸ್ಲೈಡ್ ಎಂಬ ಕೊಳವೆ ಜಾರಿಸಿ ಹಾಡಿದ ಕಹಿ ಹಾಡು. ಜಯಘೋಷವೆಂದು ತಪ್ಪಾಗಿ ತಿಳಿದಿದ್ದವರಿಗೆ ಎರಡನೆಯ ರೂಪ ಹಾಡಿನ ಅರ್ಥವನ್ನೇ ತಿದ್ದುತ್ತದೆ.

ನಡುವಿನ ಮಾತಿನ ಬಗ್ಗೆ ಬೇಸರಪಟ್ಟಿದ್ದೀರಿ. ಮಾತೆಲ್ಲ ಮುತ್ತು ಎಂದು ನಾನೂ ಹೇಳುವುದಿಲ್ಲ; ಊರಿನ ಹೆಸರು ಕೂಗಿ ಚಪ್ಪಾಳೆ ಗಿಟ್ಟಿಸುವುದನ್ನು ಧಾರಾಳವಾಗಿ ದಾಟಿಸಿ. ಆದರೆ 1985ರ ಸೆಪ್ಟೆಂಬರ್ 30ರಂದು ಲಾಸ್ ಏಂಜಲೀಸ್ ಕೊಲಿಸಿಯಂನಲ್ಲಿ ಹಾಡಿದ ‘ದಿ ರಿವರ್’ ಕೇಳಿ. ಉದ್ದ ಕೂದಲಿಗಾಗಿ ತಂದೆಯೊಡನೆ ನಡೆಯುತ್ತಿದ್ದ ಜಗಳ, ಸೈನ್ಯಕ್ಕೆ ಸೇರಿದರೆ ನೆಟ್ಟಗಾಗುತ್ತೀಯ ಎಂಬ ತಂದೆಯ ಮಾತು, ಕೊನೆಗೆ ಸೈನ್ಯದ ದೈಹಿಕ ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಬಂದಾಗ ತಂದೆ ಹೇಳಿದ ಒಂದು ಸಣ್ಣ ಮಾತು. ಕಥೆ ಮುಗಿದ ಮೇಲೆ ಮೌತ್ ಆರ್ಗನ್ ಎದ್ದಾಗ ಅದು ಮೊದಲಿನ ಹಾಡಾಗಿ ಉಳಿದಿರುವುದಿಲ್ಲ. ಮಾತನ್ನು ಕತ್ತರಿಸಿ ಹಾಡನ್ನಷ್ಟೇ ಇಟ್ಟುಕೊಂಡರೆ ಆ ಪರಿಣಾಮ ಹೋಗುತ್ತದೆ. ಕತ್ತರಿ ಬಿದ್ದದ್ದಕ್ಕೆ ಉದಾಹರಣೆಯೂ ಅದೇ ಪೆಟ್ಟಿಗೆಯಲ್ಲಿದೆ: 1978ರ ‘ಬ್ಯಾಕ್‌ಸ್ಟ್ರೀಟ್ಸ್’ ನಡುವೆ ಸ್ಪ್ರಿಂಗ್‌ಸ್ಟೀನ್ ಪಿಯಾನೋದ ಹಿನ್ನೆಲೆಯಲ್ಲಿ ಅರ್ಧ ಹಾಡು ಅರ್ಧ ಮಾತಿನಂತೆ ಒಂದು ದೀರ್ಘ ಭಾಗ ಸೇರಿಸುತ್ತಿದ್ದರು, ಪೆಟ್ಟಿಗೆಯ ರೂಪದಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಹಾಗಾಗಿ ಆ ಪೆಟ್ಟಿಗೆಯನ್ನು ಒಳ್ಳೆಯ ಆಲ್ಬಂ ಎನ್ನಬಹುದು, ಕಾನ್ಸರ್ಟ್ ಎನ್ನಲಾಗದು. ಹತ್ತು ವರ್ಷಗಳ ಶೋಗಳಿಂದ ಆರಿಸಿ ಜೋಡಿಸಿದ್ದರಲ್ಲಿ ಒಂದು ಹಾಡಿನಿಂದ ಮುಂದಿನದಕ್ಕೆ ದಾಟುವ ನಿರ್ಧಾರ ಕೇಳಿಸುವುದಿಲ್ಲ. ಶೋ ಕಟ್ಟುವುದರಲ್ಲಿ ಅರ್ಧ ಕೌಶಲ ಇರುವುದೇ ಆ ದಾಟುವಿಕೆಯಲ್ಲಿ.

ಇನ್ನು ಸದ್ದು ಒರಟು ಎಂಬುದಕ್ಕೆ ಬರೋಣ. ಒರಟುತನದಲ್ಲಿ ಹಲವು ಬಗೆ ಇವೆ. ಕಾರಣ ಗೊತ್ತಿದ್ದರೆ ಯಾವುದನ್ನು ಸಹಿಸಬಹುದು, ಯಾವುದನ್ನು ಎಸೆಯಬೇಕು ಎಂದು ತೀರ್ಮಾನಿಸಬಹುದು.

ಸೌಂಡ್‌ಬೋರ್ಡ್ ಎಂದರೆ ಸಭಾಂಗಣದ ಸ್ಪೀಕರುಗಳಿಗೆ ಹೋಗುವ ಮಿಶ್ರಣವನ್ನೇ ಮಿಕ್ಸರಿನಿಂದ ನೇರವಾಗಿ ಟೇಪಿಗಿಳಿಸಿದ್ದು. ಸ್ಪಷ್ಟವಾಗಿರುತ್ತದೆ, ಆದರೆ ಆ ಮಿಶ್ರಣ ಮಾಡಿದ್ದು ಜಾಗದಲ್ಲಿ ಕೂತವರಿಗಾಗಿ, ಟೇಪಿಗಾಗಿ ಅಲ್ಲ. ಸಣ್ಣ ಕ್ಲಬ್ಬಿನಲ್ಲಿ ಗಿಟಾರ್ ಆಂಪ್ಲಿಫೈಯರು, ಡ್ರಮ್ಸ್ ತಾವಾಗಿಯೇ ಜೋರಾಗಿ ಕೇಳುತ್ತವೆ, ಎಂಜಿನಿಯರು ಅವನ್ನು ಸ್ಪೀಕರಿಗೆ ಸ್ವಲ್ಪವೇ ಬಿಡುತ್ತಾರೆ. ಪರಿಣಾಮವಾಗಿ ಟೇಪಿನಲ್ಲಿ ಕಂಠ ಮುಖಕ್ಕೆ ಹೊಡೆಯುವಷ್ಟು ಹತ್ತಿರ, ಗಿಟಾರ್ ಸೊರಗಿದ ಹಾಗೆ, ಜನರ ಸದ್ದು ಎಲ್ಲೋ ದೂರದಲ್ಲಿ. ದೊಡ್ಡ ಅರೀನಾದಲ್ಲಿ ಎಲ್ಲವೂ ಸ್ಪೀಕರಿನ ಮೂಲಕವೇ ಹೋಗಬೇಕಾದ್ದರಿಂದ ಸೌಂಡ್‌ಬೋರ್ಡ್ ಹೆಚ್ಚು ಸಮತೋಲದಲ್ಲಿರುತ್ತದೆ. ‘ಸೌಂಡ್‌ಬೋರ್ಡ್’ ಎಂಬ ಪದ ಕಂಡೊಡನೆ ಹಿಗ್ಗಬೇಡಿ ಎಂದು ಹೇಳುವುದು ಇದಕ್ಕೇ.

ಆಡಿಯನ್ಸ್ ರೆಕಾರ್ಡಿಂಗ್ ಎಂದರೆ ಜನರ ನಡುವೆ ಮೈಕು ಇಟ್ಟು ಮಾಡಿದ್ದು. ಒಳ್ಳೆಯದಾದರೆ ಆ ಜಾಗದ ಗಾಳಿಯೇ ಕೇಳಿಸುತ್ತದೆ. ಕೆಟ್ಟದಾದರೆ ಪಕ್ಕದವರ ಚಪ್ಪಾಳೆ ಹಾಡಿಗಿಂತ ಜೋರು, ಬೇಸ್ ಗುಡುಗಿನಂತೆ ಕಲಸಿಹೋಗಿರುತ್ತದೆ. ಅಗ್ಗದ ರೆಕಾರ್ಡರಿನ ಇನ್ನೊಂದು ಕಾಟ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಸರ್ಕೀಟು. ಜನ ಕೂಗಿದೊಡನೆ ಅದು ಒಟ್ಟು ಸದ್ದನ್ನು ತಗ್ಗಿಸುತ್ತದೆ, ಬ್ಯಾಂಡು ನೀರಿನಲ್ಲಿ ಮುಳುಗಿ ಕೆಲವು ಸೆಕೆಂಡು ಬಿಟ್ಟು ಮೇಲೆ ಬರುತ್ತದೆ. ಇದನ್ನು ಆಮೇಲೆ ಸರಿಪಡಿಸಲು ಆಗುವುದಿಲ್ಲ ಎಂದೇ ಹೇಳಬೇಕು. ಅಂಥ ಟೇಪು ಅಪರೂಪದ ಹಾಡಿದ್ದರೆ ಮಾತ್ರ ಇಟ್ಟುಕೊಳ್ಳಿ.

ಮ್ಯಾಟ್ರಿಕ್ಸ್ ಎರಡರ ಬೆರಕೆ: ಸೌಂಡ್‌ಬೋರ್ಡಿನ ಸ್ಪಷ್ಟತೆ, ಆಡಿಯನ್ಸ್‌ನ ಜೀವ. ಕೇಳಲು ಸುಲಭ, ಮಾಡಲು ಕಷ್ಟ. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಹಾಗಾಗಿ ಸ್ಪೀಕರಿನಿಂದ 30 ಮೀಟರ್ ದೂರದ ಮೈಕಿಗೆ ಅದು ಸುಮಾರು 87 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಅಷ್ಟನ್ನು ಹಿಂದಕ್ಕೆ ಸರಿಸದೆ ಬೆರೆಸಿದರೆ ಪ್ರತಿ ಡ್ರಮ್ ಏಟೂ ಎರಡೆರಡು ಬಾರಿ ಕೇಳಿಸುತ್ತದೆ. ಒಮ್ಮೆ ಸರಿಸಿದರೂ ಮುಗಿಯಲಿಲ್ಲ. ಎರಡು ಡಿಜಿಟಲ್ ರೆಕಾರ್ಡರುಗಳ ಗಡಿಯಾರದಲ್ಲಿ ಹತ್ತು ಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸವಿದ್ದರೂ ಮೂರು ಗಂಟೆಯ ಶೋ ಮುಗಿಯುವಾಗ ಸುಮಾರು 0.2 ಸೆಕೆಂಡ್ ಅಂತರ ಬಿದ್ದಿರುತ್ತದೆ. ಕ್ಯಾಸೆಟ್ ಆಗಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಮ್ಯಾಟ್ರಿಕ್ಸ್ ಪರೀಕ್ಷಿಸುವಾಗ ಮೊದಲ ಹಾಡು ಕೇಳಿ ಮೆಚ್ಚಬೇಡಿ, ಕೊನೆಯ ಹಾಡಿನ ಸ್ನೇರ್ ಡ್ರಮ್ ಕೇಳಿ. ಅಲ್ಲೂ ಏಟು ಒಂದೇ ಇದ್ದರೆ ಮಾಡಿದವರಿಗೆ ಕೆಲಸ ಗೊತ್ತು.

ನೀವು ಕೇಳಿದ 1978ರದ್ದು ಬಹುಶಃ ರೇಡಿಯೊ ಪ್ರಸಾರದ್ದು. ಆ ವರ್ಷದ ಐದು ಶೋಗಳು ಎಫ್‌ಎಂನಲ್ಲಿ ಬಂದವು: ಜುಲೈ 7ರ ರಾಕ್ಸಿ, ಆಗಸ್ಟ್ 9ರ ಕ್ಲೀವ್‌ಲ್ಯಾಂಡ್‌ನ ಅಗೋರಾ, ಸೆಪ್ಟೆಂಬರ್ 19ರ ನ್ಯೂಜೆರ್ಸಿಯ ಪಸೇಯಿಕ್, ಸೆಪ್ಟೆಂಬರ್ 30ರ ಅಟ್ಲಾಂಟಾ, ಡಿಸೆಂಬರ್ 15ರ ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್. ಮನೆಮನೆಯಲ್ಲಿ ಕ್ಯಾಸೆಟ್ಟಿಗಿಳಿದು, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹರಡಿದ್ದರಿಂದಲೇ ಈ ಟೂರಿಗೆ ಇಷ್ಟು ಖ್ಯಾತಿ. ಎಫ್‌ಎಂ ಸ್ಟೀರಿಯೊದಲ್ಲಿ 15 ಕಿಲೋಹರ್ಟ್ಸ್‌ಗಿಂತ ಮೇಲಿನದು ಬರುವುದಿಲ್ಲ, ಸಾಲದ್ದಕ್ಕೆ ಸ್ಟೇಷನ್ನಿನವರು ಸದ್ದಿನ ಏರಿಳಿತವನ್ನು ಅಮುಕಿರುತ್ತಾರೆ. ಅದರ ಮೇಲೆ ಪ್ರತಿ ನಕಲಿಗೂ ಟೇಪಿನ ಹಿಸ್ಸ್ ಸೇರುತ್ತ ಹೋಗುತ್ತದೆ. ಮೊದಲ ನಕಲಿನಲ್ಲೇ ಸುಮಾರು 3 ಡೆಸಿಬೆಲ್ ಏರಿರುತ್ತದೆ. ನಾಲ್ಕೈದು ಕೈ ದಾಟಿದ ಪ್ರತಿ ನಿಮಗೆ ಸಿಕ್ಕಿದ್ದರೆ ಒರಟು ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದು ಶೋದ ತಪ್ಪಲ್ಲ, ದಾರಿಯಲ್ಲಿ ಹತ್ತಿದ ಕೊಳೆ.

ಎಲ್ಲಕ್ಕಿಂತ ಮೇಲಿನದು ಮಲ್ಟಿಟ್ರ್ಯಾಕ್. ಪ್ರತಿ ವಾದ್ಯದ ಮೈಕನ್ನು ಕವಲೊಡೆಸಿ ಬೇರೆ ಬೇರೆ ಟ್ರ್ಯಾಕಿನಲ್ಲಿ ದಾಖಲಿಸಿ, ಶೋ ಮುಗಿದ ಮೇಲೆ ಸಾವಧಾನವಾಗಿ ಬೆರೆಸಿದ್ದು. ಜನರ ಕಡೆಗೆ ಪ್ರತ್ಯೇಕ ಮೈಕುಗಳಿರುವುದರಿಂದ ಎಷ್ಟು ಚಪ್ಪಾಳೆ ಬೇಕು ಎಂಬುದೂ ಕೈಯಲ್ಲಿರುತ್ತದೆ. ಅಪಾಯವೂ ಅಲ್ಲೇ ಇದೆ: ತಪ್ಪಿದ ಸ್ವರವನ್ನು ಆಮೇಲೆ ಸ್ಟುಡಿಯೋದಲ್ಲಿ ಹಾಡಿ ಸೇರಿಸಲು ಬಾಗಿಲು ತೆರೆದಿರುತ್ತದೆ. ರಾಕ್‌ನಲ್ಲಿ ಹೆಸರಾದ ಹಲವು ‘ಲೈವ್’ ಆಲ್ಬಂಗಳಲ್ಲಿ ಇಂಥ ತೇಪೆ ಇದೆ. ಕಿಸ್ ತಂಡದ 1975ರ ‘ಅಲೈವ್!’ ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ.

ಹಳೆಯ ಟೇಪುಗಳಲ್ಲಿ ಕೇಳುಗರು ಗುರುತಿಸದೆ ಬಿಡುವ ದೋಷ ವೇಗದ್ದು. ಬ್ಯಾಟರಿಯಲ್ಲಿ ನಡೆಯುವ ರೆಕಾರ್ಡರು ಶೋ ಮುಂದುವರಿದಂತೆ ನಿಧಾನವಾಗುತ್ತದೆ. ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಹಾಡು ಚುರುಕಾಗುತ್ತದೆ, ಶ್ರುತಿಯೂ ಏರುತ್ತದೆ. ಹಾಗಾಗಿ ಮೊದಲ ಹಾಡುಗಳು ಸರಿ, ಕೊನೆಯವು ತುಸು ತೆಳು ಕಂಠದಲ್ಲಿ, ಅವಸರದಲ್ಲಿ ಇರುತ್ತವೆ. ‘ಆ ರಾತ್ರಿ ಬ್ಯಾಂಡು ಬೆಂಕಿಯಂತಿತ್ತು’ ಎಂದು ಹೊಗಳಿಸಿಕೊಂಡ ಕೆಲವು ಟೇಪುಗಳ ಗುಟ್ಟು ಇಷ್ಟೇ. ಪತ್ತೆ ಮಾಡುವುದು ಸುಲಭ. ಪಿಯಾನೋ ಒಂದೇ ಕೇಳಿಸುವ ಜಾಗ ಹುಡುಕಿ, ಫೋನಿನ ಟ್ಯೂನರ್ ಆ್ಯಪ್ ಹಿಡಿಯಿರಿ. ‘ಎ’ ಸ್ವರ 440 ಹರ್ಟ್ಸ್ ಆಸುಪಾಸಿನಲ್ಲಿರಬೇಕು. 449 ತೋರಿಸಿದರೆ ಟೇಪು ಶೇ. 2ರಷ್ಟು ವೇಗವಾಗಿದೆ, ನಾಲ್ಕು ನಿಮಿಷದ ಹಾಡು ಸುಮಾರು ಐದು ಸೆಕೆಂಡ್ ಬೇಗ ಮುಗಿಯುತ್ತದೆ. ಶೇ. 6 ಆದರೆ ಪೂರ್ತಿ ಅರ್ಧಸ್ವರ ಮೇಲೆ ಹೋಯಿತು. ತಿದ್ದುವಾಗ ಆಡಿಯೊ ಎಡಿಟರಿನಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ಬಳಸಿ 0.98ಕ್ಕೆ ಇಳಿಸಿ. ಶ್ರುತಿಯನ್ನಷ್ಟೇ ಬದಲಿಸುವ ಉಪಕರಣ ಬಳಸಿದರೆ ವೇಗ ತಪ್ಪಾಗಿಯೇ ಉಳಿಯುತ್ತದೆ, ಡ್ರಮ್ಸ್ ಕೂಡ ಮಸುಕಾಗುತ್ತದೆ. ಮೊದಲ, ನಡುವಿನ, ಕೊನೆಯ ಹಾಡು ಮೂರನ್ನೂ ಬೇರೆ ಬೇರೆಯಾಗಿ ಅಳೆಯುವುದು ಮುಖ್ಯ, ಇಡೀ ಶೋಗೆ ಒಂದೇ ಸಂಖ್ಯೆ ಸಾಲುವುದಿಲ್ಲ. ಸ್ಪ್ರಿಂಗ್‌ಸ್ಟೀನ್ ಅವರ ಅಧಿಕೃತ ಹಳೆಯ ಶೋಗಳಲ್ಲಿ ಕೆಲವಕ್ಕೆ ‘ಪ್ಲಾಂಜೆಂಟ್’ ಎಂಬ ವಿಧಾನ ಬಳಸಿದ್ದಾರೆ: ರೆಕಾರ್ಡ್ ಮಾಡುವಾಗ ಟೇಪಿನ ಮೇಲೆ ಉಳಿದುಹೋದ, ಕಿವಿಗೆ ಕೇಳಿಸದಷ್ಟು ಎತ್ತರದ ಬಯಾಸ್ ಸಂಕೇತವನ್ನು ಓದಿ, ಅದರ ಅಲುಗಾಟದಿಂದ ವೇಗದ ಏರುಪೇರನ್ನು ಕ್ಷಣಕ್ಷಣಕ್ಕೆ ತಿದ್ದುತ್ತದೆ. ಪಿಯಾನೋದ ಎಳೆದ ಸ್ವರಗಳಲ್ಲಿ ಇದರ ಲಾಭ ಚೆನ್ನಾಗಿ ಕೇಳಿಸುತ್ತದೆ.

ಹಾಡು ನಡುವೆ ಕತ್ತರಿಸಿದ್ದರೆ ಎಲ್ಲಿ ಎಂದು ನೋಡಿ. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. 45, 90, 135ನೇ ನಿಮಿಷಗಳ ಸುತ್ತಮುತ್ತ ಬಿದ್ದ ತುಂಡು ಕ್ಯಾಸೆಟ್ ತಿರುಗಿಸಿದ್ದರಿಂದ ಆದದ್ದು. ಆ ಜಾಗವನ್ನು ಇನ್ನೊಬ್ಬರ ಟೇಪಿನಿಂದ ತುಂಬಿಸಿದ ಪ್ರತಿ ಸಿಗಬಹುದು, ಹುಡುಕಿ.

ಫೈಲುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಸದ್ದಿನ ಯಾವ ಅಂಶವನ್ನೂ ಕಳೆಯದ ಫ್ಲ್ಯಾಕ್ ಫೈಲು ಇಟ್ಟುಕೊಳ್ಳಿ. ಎಂಪಿ3ಯಲ್ಲಿ ಫೈಲಿನ ಆರಂಭ, ಕೊನೆಗಳಲ್ಲಿ ತುಸು ಖಾಲಿ ಸೇರುವುದರಿಂದ, ಪ್ಲೇಯರು ಅದನ್ನು ಕಳೆಯದಿದ್ದರೆ, ನಿಲ್ಲದೆ ಹರಿಯುವ ಚಪ್ಪಾಳೆಯಲ್ಲಿ ಪ್ರತಿ ಹಾಡಿಗೂ ಒಂದು ಬಿಕ್ಕಳಿಕೆ ಬರುತ್ತದೆ. ಪ್ಲೇಯರಿನಲ್ಲಿ ‘ಗ್ಯಾಪ್‌ಲೆಸ್’ ಚಾಲೂ ಮಾಡಿ. ಸಿಡಿ ಮಾಡುವವರಾದರೆ, ಸಿಡಿ ಸೆಕೆಂಡನ್ನು 75 ಭಾಗ ಮಾಡುತ್ತದೆ, ಒಂದೊಂದರಲ್ಲಿ 588 ಸ್ಯಾಂಪಲ್. ಹಾಡನ್ನು ಈ ಗಡಿಯಲ್ಲಿ ಕತ್ತರಿಸದಿದ್ದರೆ ಉಳಿದ ಜಾಗದಲ್ಲಿ ಮೌನ ತುಂಬಿ ‘ಟಿಕ್’ ಎನ್ನುತ್ತದೆ. ಎಂಪಿ3ಯನ್ನೇ ಫ್ಲ್ಯಾಕ್ ಮಾಡಿ ದಾಟಿಸುವವರಿದ್ದಾರೆ. ಸ್ಪೆಕ್ಟ್ರಂ (ಯಾವ ಎತ್ತರದ ಸದ್ದು ಎಷ್ಟಿದೆ ಎಂದು ತೋರಿಸುವ ಚಿತ್ರ) ನೋಡಿದರೆ ಹೆಚ್ಚಾಗಿ 16 ಕಿಲೋಹರ್ಟ್ಸ್‌ನಲ್ಲಿ ಚಾಕುವಿನಿಂದ ಕೊಯ್ದಂತೆ ಕಾಣುತ್ತದೆ. ಎಫ್‌ಎಂ ಮೂಲದ್ದೂ 15ರಲ್ಲಿ ನಿಲ್ಲುತ್ತದೆ, ಅದನ್ನು ಕಂಡು ಮೋಸ ಎಂದುಕೊಳ್ಳಬೇಡಿ.

ಎಲ್ಲಿಂದ ಶುರು? 2014ರಿಂದ ಅವರ ಅಧಿಕೃತ ಲೈವ್ ಸಂಗ್ರಹ ಪೂರ್ತಿ ಶೋಗಳನ್ನು ಡೌನ್‌ಲೋಡ್ ಮತ್ತು ಸಿಡಿಯಾಗಿ ಮಾರುತ್ತಿದೆ, ಹಾಗಾಗಿ ಐದನೇ ಕೈಯ ಕ್ಯಾಸೆಟ್ ನಕಲಿನಲ್ಲಿ ಒದ್ದಾಡುವ ಅಗತ್ಯ ಈಗ ಕಡಿಮೆ. ಮೊದಲು ಅಗೋರಾ, 1978. ‘ಸಮ್ಮರ್‌ಟೈಮ್ ಬ್ಲೂಸ್’ನಿಂದ ಶುರುವಾಗುತ್ತದೆ, ಉಸಿರು ಬಿಡಲು ಕೊಡುವುದಿಲ್ಲ. ಒಂದೇ ಸಲಕ್ಕೆ ಕೇಳಬೇಕಿಲ್ಲ. ಮೊದಲ ಅರ್ಧ ಒಂದು ದಿನ, ಎರಡನೆಯದು ಇನ್ನೊಂದು ದಿನ, ಆದರೆ ಕ್ರಮ ಕೆಡಿಸಬೇಡಿ, ಹಾಡು ಕಲಸಿ ನುಡಿಸುವ ಗುಂಡಿ ಮುಟ್ಟಬೇಡಿ. ಬಳಿಕ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್, 1975ರ ನವೆಂಬರ್ 18. ಇದು 2006ರಲ್ಲಿ ಸಾಮಾನ್ಯ ಸಿಡಿಯಾಗಿಯೇ ಬಂದಿದೆ. ಮೂರು ವರ್ಷಗಳಲ್ಲಿ ಅದೇ ಬ್ಯಾಂಡು ಸಡಿಲ, ತುಂಟ, ಬೀದಿಕಥೆಯ ಶೈಲಿಯಿಂದ ಬಿಗಿಯಾದ, ಕೋಪದ ಶೈಲಿಗೆ ಹೇಗೆ ಬಂತು ಎಂಬುದು ಈ ಎರಡರ ನಡುವೆ ಸ್ಪಷ್ಟ. ಮೂರನೆಯದಾಗಿ 2012ರ ಮಾರ್ಚ್ 9ರ ಅಪೋಲೊ ಥಿಯೇಟರ್, ಅಧಿಕೃತ ಸಂಗ್ರಹದ ಮೊದಲ ಬಿಡುಗಡೆ. ಆರ್ಗನ್ ನುಡಿಸುತ್ತಿದ್ದ ಡ್ಯಾನಿ ಫೆಡರೀಚಿ 2008ರಲ್ಲಿ, ಸ್ಯಾಕ್ಸೊಫೋನಿನ ಕ್ಲಾರೆನ್ಸ್ ಕ್ಲೆಮನ್ಸ್ 2011ರಲ್ಲಿ ತೀರಿಕೊಂಡಿದ್ದರು. ಕ್ಲೆಮನ್ಸ್ ಜಾಗವನ್ನು ಒಬ್ಬರಿಂದ ತುಂಬಿಸಲಾಗದೆ ಇಡೀ ಊದುವಾದ್ಯಗಳ ಗುಂಪು ಬಂದಿದೆ, ಹಳೆಯ ಹಾಡುಗಳ ಮೈಕಟ್ಟೇ ಬದಲಾಗಿದೆ.

1979ರ ಸೆಪ್ಟೆಂಬರ್‌ನ ‘ನೋ ನ್ಯೂಕ್ಸ್’ ಚಿಕ್ಕದು, ಹೊಸಬರಿಗೆ ಸುಲಭ. ಆದರೆ ಅದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಎರಡು ರಾತ್ರಿಗಳನ್ನು ಜೋಡಿಸಿದ್ದು ಎಂಬುದು ನೆನಪಿರಲಿ. 1980ರ ಡಿಸೆಂಬರ್ 31ರ ನಾಸೌ ಕೊಲಿಸಿಯಂ ಶೋವನ್ನು ಸದ್ಯಕ್ಕೆ ಬದಿಗಿಡಿ. 38 ಹಾಡುಗಳಿವೆ, ಕಿವಿ ಪಳಗುವ ಮುಂಚೆ ಅದು ಬರೀ ದಣಿವು ತರುತ್ತದೆ. ಉದ್ದವೇ ದೊಡ್ಡತನ ಎಂಬ ಭಾವನೆ ಅಭಿಮಾನಿಗಳಲ್ಲಿ ತುಸು ಹೆಚ್ಚೇ ಇದೆ. 2012ರ ಜುಲೈ 31ರಂದು ಹೆಲ್ಸಿಂಕಿಯಲ್ಲಿ ನಾಲ್ಕು ಗಂಟೆ ಆರು ನಿಮಿಷ ನುಡಿಸಿದ್ದನ್ನು ದಾಖಲೆ ಎಂದು ಹೇಳಿಕೊಳ್ಳುವವರು, 1978ರ ಮೂರು ಗಂಟೆಯಲ್ಲಿ ಒಂದು ನಿಮಿಷವೂ ವ್ಯರ್ಥವಾಗದಿರುವುದನ್ನು ಅಷ್ಟಾಗಿ ಹೇಳುವುದಿಲ್ಲ.

ಒಂದು ಹಾಡು ಆರಿಸಿಕೊಂಡು ಈ ಶೋಗಳಲ್ಲಿ ಅದು ಎಲ್ಲೆಲ್ಲಿದೆ ಎಂದು ಸೆಟ್‌ಲಿಸ್ಟ್ (ಆ ಶೋದ ಹಾಡುಗಳ ಪಟ್ಟಿ) ನೋಡಿ ಗುರುತು ಮಾಡಿಕೊಳ್ಳಿ. ‘ಥಂಡರ್ ರೋಡ್’ ಆದೀತು. ಅದರ ಹಿಂದೆ ಇನ್ನೊಂದು ಹಾಡಿದ್ದರೆ ಆ ಹಾಡಿನ ಕೊನೆಯ ಒಂದು ನಿಮಿಷದಿಂದ ಕೇಳಲು ಶುರು ಮಾಡಿ, ಮುಂದಿನ ಹಾಡಿನ ಮೊದಲ ನಿಮಿಷದವರೆಗೆ ಬಿಡಿ. ಎಲ್ಲ ಪ್ರತಿಗಳ ಸದ್ದಿನ ಮಟ್ಟವನ್ನು ಕಂಠ ಒಂದೇ ಜೋರಿನಲ್ಲಿ ಕೇಳುವಂತೆ ಹೊಂದಿಸಿ, ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಮೂರು ಪ್ರತಿಗಳಾದ ಮೇಲೂ ವ್ಯತ್ಯಾಸದಲ್ಲಿ ಆಸಕ್ತಿ ಹುಟ್ಟದಿದ್ದರೆ ನಿಮಗೆ ಆಲ್ಬಂಗಳೇ ಸಾಕು, ಅದರಲ್ಲಿ ಯಾವ ಕೊರತೆಯೂ ಇಲ್ಲ. ಹುಟ್ಟಿದರೆ ಮುಂದೆ ‘ರೇಸಿಂಗ್ ಇನ್ ದಿ ಸ್ಟ್ರೀಟ್’ನ 1978ರ ರೂಪಗಳಿಗೆ ಹೋಗಿ, ಹಾಡು ಮುಗಿದ ಮೇಲೆ ಬಿಟ್ಟನ್ ಪಿಯಾನೋ ಎಷ್ಟು ಹೊತ್ತು ನಡೆಯುತ್ತದೆ ಎಂದು ಪ್ರತಿ ರಾತ್ರಿಯದೂ ನೋಡಿ.